ಬಲೆಗೂ ಗಾಳಕ್ಕೂ ಯಾವ ಭಾರ: ಸೀಸ, ಕಬ್ಬಿಣ, ತವರ, ಕಲ್ಲು

ಬೇಟೆಯ ಗುಂಡಿನಲ್ಲಿ ಸೀಸ ಇರಬೇಕೋ ಬೇಡವೋ ಎಂಬ ವಾದ ಅಮೆರಿಕ, ಯುರೋಪುಗಳಲ್ಲಿ ಹತ್ತಾರು ವರ್ಷಗಳಿಂದ ನಡೆಯುತ್ತಿದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೇ ತಡೆ ಹಾಕಿದೆ. ಹಾಗಾಗಿ ಆ ವಾದವನ್ನು ಇದ್ದ ಹಾಗೆ ಇಲ್ಲಿಗೆ ತಂದರೆ ಪ್ರಯೋಜನವಿಲ್ಲ. ಮಂಗಳೂರು, ಉಡುಪಿಯ ಹೊಳೆ ಮತ್ತು ಕಡಲಿಗೆ ಸೀಸ ಬೀಳುವ ದಾರಿಯೇ ಬೇರೆ: ಬೀಸುಬಲೆಯ ಅಂಚಿನ ಮಣಿ, ನೀರಿನಲ್ಲಿ ಗೋಡೆಯಂತೆ ನಿಲ್ಲಿಸುವ ಕಂತಬಲೆಯ ಅಡಿಹಗ್ಗದ ತುಂಡು, ಗಾಳದ ದಾರಕ್ಕೆ ಕಟ್ಟುವ ಗುಂಡು. ಬೇಟೆಯ ಗುಂಡಿನ ಸೀಸದ ಬಗ್ಗೆ ಅಲ್ಲಿ ಕಲಿತದ್ದರಲ್ಲಿ ಬಹುಪಾಲು ಇವುಗಳಿಗೂ ಹೊಂದುತ್ತದೆ. ಬದಲಾಯಿಸುವ ಕೆಲಸ ಮಾತ್ರ ಇಲ್ಲಿ ಬಹಳ ಸುಲಭ.

ಏಕೆಂದರೆ ಕೋವಿಯಲ್ಲಿ ಸೀಸದ ಬದಲು ಉಕ್ಕಿನ ಚೆರೆ (ಸಣ್ಣ ಗುಂಡಿನ ಕಾಳು) ಹಾಕಿದರೆ ಹಳೆಯ ನಳಿಗೆಯೇ ಕೆಡಬಹುದು. ಗುಂಡು ಹಾರುವ ದೂರ, ಪ್ರಾಣಿಯ ಮೈಯಲ್ಲಿ ಅದು ಅರಳುವ ಬಗೆ ಎಲ್ಲವೂ ಬದಲಾಗುತ್ತದೆ. ಬೇಟೆಗಾರರ ವಿರೋಧಕ್ಕೆ ಅಲ್ಲಿ ಸ್ವಲ್ಪ ಆಧಾರವಿದೆ. ಬಲೆಯ ಭಾರಕ್ಕೆ ಇಂಥ ತೊಡಕು ಯಾವುದೂ ಇಲ್ಲ. ಅದು ಮುಳುಗಬೇಕು, ಹಗ್ಗಕ್ಕೆ ಗಾಯ ಮಾಡಬಾರದು, ಕೈಗೆಟುಕುವ ಬೆಲೆಗೆ ಸಿಗಬೇಕು. ಅಷ್ಟೇ.

ಈ ಮಾರ್ಗದರ್ಶಿ ಒಂದೇ ಅಳತೆಗೋಲಿನ ಮೇಲೆ ನಿಂತಿದೆ: ಯಾವ ಭಾರ ನೀರಿನಲ್ಲಿ ಕಳೆದುಹೋಗುತ್ತದೋ, ಯಾವುದನ್ನು ಮನೆಯಲ್ಲಿ ಕರಗಿಸುತ್ತಾರೋ, ಯಾವುದು ಮಕ್ಕಳ ಕೈಗೆ ಸಿಗುತ್ತದೋ, ಆ ಸೀಸವನ್ನು ಮೊದಲು ಬಿಡಬೇಕು. ಬಲೆಯ ಜತೆ ಹೋಗಿ ಬಲೆಯ ಜತೆಗೇ ವಾಪಸು ಬರುವ ಸೀಸದ ಸರದಿ ಕೊನೆಗೆ. ಎಲ್ಲವನ್ನೂ ಒಂದೇ ದಿನ ಬಿಸಾಡಿ ಎಂದು ಮೀನುಗಾರರಿಗೆ ಹೇಳುವುದು ಸುಲಭ, ಆದರೆ ಆ ಮಾತು ಯಾರೂ ಕೇಳುವಂಥದ್ದಲ್ಲ.

ಸೀಸದ ತೊಂದರೆ ಎಲ್ಲಿ ಶುರುವಾಗುತ್ತದೆ

ಹಲವು ಹಕ್ಕಿಗಳು ಕಾಳು ಅರೆಯಲು ಸಣ್ಣ ಹರಳುಕಲ್ಲುಗಳನ್ನು ನುಂಗುತ್ತವೆ. ಕೆಸರಿನಲ್ಲಿ ಬಿದ್ದ ಸೀಸದ ಚೆರೆಯೋ ಗಾಳದ ಗುಂಡೋ ಅವಕ್ಕೆ ಹರಳಿನಂತೆಯೇ ಕಾಣುತ್ತದೆ. ಹೊಟ್ಟೆಯ ಸ್ನಾಯು ಅದನ್ನು ಅರೆಯುತ್ತದೆ, ಅಲ್ಲಿನ ಆಮ್ಲ ಕರಗಿಸುತ್ತದೆ, ಸೀಸ ರಕ್ತಕ್ಕೆ ಸೇರುತ್ತದೆ. ಬ್ರಿಟನ್ನಿನಲ್ಲಿ ಹಂಸಗಳು ಹೀಗೆ ಸಾಯುವುದನ್ನು ಕಂಡೇ 1987ರಲ್ಲಿ 0.06 ಗ್ರಾಮಿನಿಂದ 28.35 ಗ್ರಾಮಿನವರೆಗಿನ ಸೀಸದ ಗಾಳದ ಗುಂಡುಗಳ ಮಾರಾಟ ನಿಲ್ಲಿಸಿದರು. ಅಮೆರಿಕ 1991ರಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚೆರೆಯನ್ನು ದೇಶವ್ಯಾಪಿ ನಿಷೇಧಿಸಿತು. ಕೆನಡಾ 1997ರಲ್ಲಿ ತನ್ನ ರಾಷ್ಟ್ರೀಯ ಉದ್ಯಾನಗಳಲ್ಲಿ 50 ಗ್ರಾಮಿಗಿಂತ ಕಡಿಮೆ ತೂಕದ ಸೀಸದ ಗಾಳದ ಗುಂಡುಗಳನ್ನು ತಡೆಯಿತು. ಕ್ಯಾಲಿಫೋರ್ನಿಯದಲ್ಲಿ ಬೇಟೆಗಾರರು ಬಿಟ್ಟುಹೋದ ಮಾಂಸದಲ್ಲಿ ಸೀಸದ ಚೂರುಗಳಿದ್ದು, ಅದನ್ನು ತಿಂದ ಕಾಂಡೋರ್ ರಣಹದ್ದುಗಳು ಸತ್ತವು. 2019ರ ಜುಲೈಯಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ಯುರೋಪಿನ ರಾಸಾಯನಿಕ ಸಂಸ್ಥೆ 2021ರಲ್ಲಿ ಬೇಟೆಯ ಗುಂಡು ಮತ್ತು ಮೀನುಗಾರಿಕೆಯ ಭಾರ ಎರಡನ್ನೂ ಒಂದೇ ಪ್ರಸ್ತಾವದಲ್ಲಿ ಸೇರಿಸಿತು. ಎರಡರದೂ ಒಂದೇ ಸಮಸ್ಯೆ ಎಂದು ಅಲ್ಲಿ ಒಪ್ಪಿಯಾಗಿದೆ.

ನಮ್ಮ ಕರಾವಳಿಯ ಮನೆಗಳಲ್ಲಿ ಇದಕ್ಕಿಂತ ಹತ್ತಿರದ ಅಪಾಯವೊಂದಿದೆ. ಬಲೆ ರಿಪೇರಿ ನಡೆಯುವುದು ಅಂಗಳದಲ್ಲಿ, ಅದೇ ಅಂಗಳದಲ್ಲಿ ಊರಕೋಳಿಯೂ ಓಡಾಡುತ್ತದೆ. ಕತ್ತರಿಸಿ ಬಿದ್ದ ಸೀಸದ ಚೂರನ್ನು ಕೋಳಿ ಹರಳೆಂದು ನುಂಗುತ್ತದೆ. ಅದರ ಮೊಟ್ಟೆಗೂ ಮಾಂಸಕ್ಕೂ ಸೀಸ ಇಳಿಯುತ್ತದೆ. ಅದನ್ನು ತಿನ್ನುವವರಲ್ಲಿ ಮಕ್ಕಳೂ ಇರುತ್ತಾರೆ.

ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಯಾಕೆಂದರೆ, ಹೊಟ್ಟೆಗೆ ಹೋದ ಸೀಸದಲ್ಲಿ ದೊಡ್ಡವರ ದೇಹ ಸುಮಾರು ಹತ್ತನೇ ಒಂದು ಪಾಲನ್ನು ಹೀರಿದರೆ ಪುಟ್ಟ ಮಕ್ಕಳ ದೇಹ ಅರ್ಧದಷ್ಟನ್ನು ಹೀರಬಲ್ಲದು. ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ರಕ್ತದ ಪ್ರತಿ ಡೆಸಿಲೀಟರಿನಲ್ಲಿ 5 ಮೈಕ್ರೋಗ್ರಾಂ ಸೀಸ ಕಂಡರೆ ಅದು ಎಲ್ಲಿಂದ ಬಂತೆಂದು ಹುಡುಕಿ ತಡೆಯಬೇಕು ಎನ್ನುತ್ತದೆ ಅದು. ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಸುಸ್ತು ಇವೆಲ್ಲ ಬೇರೆ ಹತ್ತು ಕಾಯಿಲೆಗಳಲ್ಲೂ ಬರುವುದರಿಂದ ಸೀಸದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಮನೆಯಲ್ಲಿ ಸೀಸ ಕರಗಿಸುವ ರೂಢಿ ಇದ್ದರೆ ಮಕ್ಕಳಿಗೂ ಗರ್ಭಿಣಿಯರಿಗೂ ರಕ್ತದ ಸೀಸದ ಪರೀಕ್ಷೆ ಮಾಡಿಸಿ. ವೈದ್ಯರಿಗೆ ಕರಗಿಸುವ ವಿಷಯವನ್ನು ನೀವಾಗಿಯೇ ಹೇಳಬೇಕು, ಅವರಾಗಿ ಕೇಳುವುದು ಕಡಿಮೆ.

ಕರಗಿಸುವ ಬಗ್ಗೆ ಇಲ್ಲಿಯೇ ಹೇಳಿ ಮುಗಿಸುವುದು ಒಳ್ಳೆಯದು. ಸೀಸ 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೌದೆ ಒಲೆಗೆ, ಗ್ಯಾಸಿಗೆ ಅದು ದೊಡ್ಡ ಶಾಖವೇ ಅಲ್ಲ, ಹಾಗಾಗಿ ಕೆಲಸ ಸುಲಭ ಅನ್ನಿಸುತ್ತದೆ. ಆದರೆ ಮೇಲೆ ಕಟ್ಟುವ ಬೂದಿಯಂಥ ಕೆನೆ ಸೀಸದ ಆಕ್ಸೈಡ್. ಅದನ್ನು ತೆಗೆದು ಪಕ್ಕಕ್ಕೆ ಕೊಡವಿದಾಗ ಎದ್ದ ಧೂಳು ನೆಲ, ಬಟ್ಟೆ, ಪಾತ್ರೆಗಳ ಮೇಲೆ ಕೂತು ತಿಂಗಳುಗಟ್ಟಲೆ ಉಳಿಯುತ್ತದೆ. ಶಾಖ ಹೆಚ್ಚಾದಂತೆ ಹೊಗೆಯೂ ಹೆಚ್ಚು. ಒದ್ದೆ ಸೀಸವನ್ನೋ ಒದ್ದೆ ಅಚ್ಚನ್ನೋ ಬಳಸಿದರೆ ಒಳಗಿನ ನೀರು ಕ್ಷಣದಲ್ಲಿ ಆವಿಯಾಗಿ ಸಿಡಿದು ಕಣ್ಣು ಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹಳೆಯ ಬ್ಯಾಟರಿ ಒಡೆಯುವುದು. ಅದರ ಪ್ಲೇಟಿನ ಪುಡಿ ಸೀಸದ ಸಂಯುಕ್ತಗಳದ್ದೇ, ಜತೆಗೆ ಆಸಿಡ್ ಬೇರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು. ಯಾವ ಭಾರವನ್ನು ಆರಿಸಿದರೂ ಸರಿ, ಮನೆಯಲ್ಲಿ ಸೀಸ ಕರಗಿಸುವುದನ್ನು ಇಂದೇ ನಿಲ್ಲಿಸಿ. ಉಳಿದ ಬದಲಾವಣೆಗಳನ್ನು ನಿಧಾನವಾಗಿ ಮಾಡಬಹುದು, ಇದನ್ನು ಮುಂದೂಡುವ ಹಾಗಿಲ್ಲ.

ನೀರಿನಡಿಯ ಲೆಕ್ಕ

ಸೀಸ ಬಿಟ್ಟರೆ ಬಲೆ ಮುಳುಗುವುದಿಲ್ಲ ಎಂಬ ಮಾತು ಬೋಟುಗಳು ನಿಲ್ಲುವ ಧಕ್ಕೆಯಲ್ಲಿ ಕೇಳಿಬರುತ್ತದೆ. ಲೆಕ್ಕ ಹಾಕಿ ನೋಡಿದರೆ ಚಿತ್ರ ಬೇರೆ. ನೀರಿನಲ್ಲಿ ಕೆಲಸ ಮಾಡುವುದು ತಕ್ಕಡಿಯ ತೂಕವಲ್ಲ, ಭಾರ ಪಕ್ಕಕ್ಕೆ ತಳ್ಳಿದ ನೀರಿನ ತೂಕವನ್ನು ಕಳೆದು ಉಳಿಯುವ ತೂಕ. 100 ಗ್ರಾಂ ಸೀಸ ಕಡಲ ನೀರಿನಲ್ಲಿ ಸುಮಾರು 91 ಗ್ರಾಮಿನಷ್ಟು ಎಳೆಯುತ್ತದೆ. ಅಷ್ಟೇ ಎಳೆತಕ್ಕೆ ಬೇರೆ ವಸ್ತುಗಳು ಎಷ್ಟು ಬೇಕು ಎಂಬುದು ಇಲ್ಲಿದೆ.

| ವಸ್ತು | ಒಂದು ಘನ ಸೆಂ.ಮೀ. ತೂಕ (ಗ್ರಾಂ) | 100 ಗ್ರಾಂ ಸೀಸಕ್ಕೆ ಬದಲು | ಗಾತ್ರ, ಸೀಸದ ಎಷ್ಟು ಪಟ್ಟು |
|---|---|---|---|
| ಟಂಗ್‌ಸ್ಟನ್ | 17–19 | 96–97 ಗ್ರಾಂ | 0.6 |
| ಬಿಸ್ಮತ್ | 9.8 | 102 ಗ್ರಾಂ | 1.2 |
| ಹಿತ್ತಾಳೆ | 8.5 | 103 ಗ್ರಾಂ | 1.4 |
| ಕಬ್ಬಿಣ, ಉಕ್ಕು | 7.85 | 105 ಗ್ರಾಂ | 1.5 |
| ತವರ | 7.3 | 106 ಗ್ರಾಂ | 1.6 |
| ಕಪ್ಪುಕಲ್ಲು | 2.7 | 147 ಗ್ರಾಂ | 6 |
| ಸಿಮೆಂಟ್ ಗಾರೆ | 2.2 | 170 ಗ್ರಾಂ | 9 |

ಕಬ್ಬಿಣದ ಸಾಲನ್ನು ಗಮನಿಸಿ. ತೂಕದಲ್ಲಿ ಬೇಕಾದ ಹೆಚ್ಚಳ ನೂರಕ್ಕೆ ಐದು ಮಾತ್ರ. ನಿಜವಾದ ವ್ಯತ್ಯಾಸ ಇರುವುದು ಗಾತ್ರದಲ್ಲಿ. ಒಂದೇ ಆಕಾರದ ಗುಂಡನ್ನು ಕಬ್ಬಿಣದಲ್ಲಿ ಮಾಡಿದರೆ ನೀರಿಗೆ ಎದುರಾಗುವ ಮುಖ ಮೂರನೇ ಒಂದರಷ್ಟು ದೊಡ್ಡದಾಗಿ, ಒಂಟಿ ಗುಂಡು ಮುಳುಗುವ ವೇಗ ನೂರಕ್ಕೆ ಹದಿಮೂರರಷ್ಟು ಇಳಿಯುತ್ತದೆ. ಬಲೆಯಲ್ಲಿ ಇಷ್ಟೂ ಕಾಣಿಸದು, ಏಕೆಂದರೆ ನೀರನ್ನು ತಡೆಯುವುದು ಮುಖ್ಯವಾಗಿ ಬಲೆಯ ನೂಲೇ ಹೊರತು ಮಣಿಯಲ್ಲ. ಕಲ್ಲು ಮತ್ತು ಸಿಮೆಂಟಿನ ಕತೆ ಬೇರೆ. ಅವುಗಳ ಗಾತ್ರ ಸಣ್ಣ ಕೆಲಸಕ್ಕೆ ಹೊಂದುವುದೇ ಇಲ್ಲ.

ಕಲ್ಲಿನ ಸಂದಿಯಲ್ಲಿ ಗಾಳ: ಬದಲಾವಣೆ ಇಲ್ಲಿಂದಲೇ ಶುರುವಾಗಲಿ

ಮಲ್ಪೆ, ಗಂಗೊಳ್ಳಿ, ಕುಂದಾಪುರ ಕೋಡಿಯ ಬ್ರೇಕ್‌ವಾಟರ್ ಕಲ್ಲುಗಳ ಮೇಲೆ, ಸೋಮೇಶ್ವರದ ಬಂಡೆಗಳ ಬಳಿ ಕೂತು ಕೆಂಬೇರಿ ಮೀನಿಗೆ ಗಾಳ ಹಾಕುವವರು ಅತಿ ಹೆಚ್ಚು ಸೀಸ ಕಳೆದುಕೊಳ್ಳುವವರು. ಗುಂಡು ಸಂದಿಗೆ ಸಿಕ್ಕಿತು, ದಾರ ತುಂಡಾಯಿತು, ಹೊಸ ಗುಂಡು ಕಟ್ಟಿದರು. ಒಂದೇ ಸಂಜೆಯಲ್ಲಿ ಇದು ಎಷ್ಟೋ ಬಾರಿ ನಡೆಯುತ್ತದೆ. ಹೇಗೂ ಕಳೆದುಹೋಗುವ ವಸ್ತುವಿಗೆ ಸೀಸವೂ ಬೇಡ, ಟಂಗ್‌ಸ್ಟನ್ನೂ ಬೇಡ. ಇಲ್ಲಿಗೆ ಸರಿಯಾದ ಭಾರ ಕಟ್ಟಡದ ಕಬ್ಬಿಣದ ಸರಳು ಮತ್ತು ಹಳೆಯ ನಟ್ಟು. ಎರಡೂ ಗುಜರಿಯಲ್ಲಿ ಸೀಸಕ್ಕಿಂತ ಅಗ್ಗ.

ಸರಳಿನ ತೂಕ ತಿಳಿಯಲು ಮೇಸ್ತ್ರಿಗಳ ಸೂತ್ರ ಸಾಕು: ಮಿಲಿಮೀಟರಿನಲ್ಲಿ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. 12 ಮಿ.ಮೀ. ಸರಳು ಮೀಟರಿಗೆ 0.89 ಕೆಜಿ, ಅಂದರೆ 7 ಸೆಂ.ಮೀ. ತುಂಡು 62 ಗ್ರಾಂ. 8 ಮಿ.ಮೀ. ಸರಳು ಮೀಟರಿಗೆ 0.395 ಕೆಜಿ, 10 ಸೆಂ.ಮೀ. ತುಂಡಿಗೆ 40 ಗ್ರಾಂ. ನಟ್ಟುಗಳಲ್ಲಿ 12 ಮಿ.ಮೀ. ಬೋಲ್ಟಿನದು ಸುಮಾರು 17 ಗ್ರಾಂ, 16ರದ್ದು 33, 20ರದ್ದು 64. ದಾರ ಕಟ್ಟಲು ರಂಧ್ರ ಮೊದಲೇ ಇರುವುದರಿಂದ ನಟ್ಟು ಹೆಚ್ಚು ಅನುಕೂಲ. ಆದರೆ ಅದರ ಮೂಲೆಗಳು ಸಂದಿಗೆ ಬೇಗ ಸಿಗುತ್ತವೆ. ಉದ್ದನೆಯ ಸರಳು ಜಾರಿ ಹೊರಬರುವ ಸಾಧ್ಯತೆ ಹೆಚ್ಚು. ಸರಳಿನ ತುದಿಯನ್ನು ಬಗ್ಗಿಸಿ ಕುಣಿಕೆ ಮಾಡುವಾಗ ಕತ್ತರಿಸಿದ ಅಂಚನ್ನು ಅರದಿಂದ ಉಜ್ಜಿ, ಇಲ್ಲದಿದ್ದರೆ ಆ ಅಂಚೇ ದಾರ ಕೊಯ್ಯುತ್ತದೆ.

ಭಾರವನ್ನು ಮುಖ್ಯ ದಾರಕ್ಕೆ ನೇರವಾಗಿ ಕಟ್ಟಬೇಡಿ. ಮೂರು ಕಣ್ಣಿನ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ ಒಂದಕ್ಕೆ ಮುಖ್ಯ ದಾರ, ಇನ್ನೊಂದಕ್ಕೆ ಗಾಳ, ಮೂರನೆಯದಕ್ಕೆ 20–30 ಸೆಂ.ಮೀ. ಉದ್ದದ ದುರ್ಬಲ ದಾರದಲ್ಲಿ ಭಾರ. ಮುಖ್ಯ ದಾರ 10 ಕೆಜಿಯದಾದರೆ ಈ ತುಂಡು 3–4 ಕೆಜಿಯದಿರಲಿ. ಭಾರ ಸಿಕ್ಕಿಹಾಕಿಕೊಂಡರೆ ಕಡಿಯುವುದು ಈ ತುಂಡು ಮಾತ್ರ. ಗಾಳವೂ ಅದರಲ್ಲಿರುವ ಮೀನೂ ಕೈಗೆ ಬರುತ್ತವೆ, ನೂರಾರು ಅಡಿ ನೈಲಾನ್ ದಾರ ನೀರಿನಲ್ಲಿ ಉಳಿಯುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಸೀಸ ಬಿಡುವಷ್ಟೇ ಮುಖ್ಯವಾದ ಲಾಭ ಇದು. ಒಂದೇ ಎಚ್ಚರಿಕೆ: ದುರ್ಬಲ ದಾರ ಕಟ್ಟಿ ಜೋರಾಗಿ ಬೀಸಿ ಎಸೆದರೆ ದಾರ ಗಾಳಿಯಲ್ಲೇ ಕಡಿದು ಕಬ್ಬಿಣದ ತುಂಡು ಪಕ್ಕದವರ ತಲೆಗೆ ಹೋಗುತ್ತದೆ. ಕಲ್ಲಿನ ಬುಡಕ್ಕೆ ಮೆಲ್ಲಗೆ ತೂಗಿ ಬಿಡುವ ಗಾಳಕ್ಕಷ್ಟೇ ಈ ಕಟ್ಟು ಯೋಗ್ಯ. ಜನರಿರುವ ಕಡೆ ದೂರಕ್ಕೆ ಎಸೆಯುವುದಾದರೆ ಭಾರದ ದಾರ ಮುಖ್ಯ ದಾರಕ್ಕಿಂತ ಗಟ್ಟಿ ಇರಬೇಕು.

ತುಕ್ಕಿನ ಚಿಂತೆ ಇಲ್ಲಿ ಬೇಡ. ಕಲ್ಲಿನ ಸಂದಿಯಲ್ಲಿ ಉಳಿದ ಕಬ್ಬಿಣ ಕಾಲಕ್ರಮೇಣ ತುಕ್ಕಾಗಿ ಕರಗಲಿ ಎಂಬುದೇ ನಮ್ಮ ಅಪೇಕ್ಷೆ.

ಮರಳಿನ ದಂಡೆಯಲ್ಲಿ, ಅಂದರೆ ಪಡುಕೆರೆ, ಕಾಪು, ತಣ್ಣೀರುಬಾವಿಯಂಥ ಕಡೆ ಕಾಣೆ ಮೀನಿಗೆ ಗಾಳ ಹಾಕುವವರಿಗೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಭಾರ ಕಳೆದುಹೋಗುವುದು ಅಪರೂಪ. ಕಷ್ಟ ಇರುವುದು ತೆರೆಯ ಎಳೆತದಲ್ಲಿ. ಗಾತ್ರ ದೊಡ್ಡದಾದ ಕಬ್ಬಿಣವನ್ನು ತೆರೆ ಹೆಚ್ಚು ಉರುಳಿಸುತ್ತದೆ. 80 ಗ್ರಾಂ ಸೀಸ ನಿಲ್ಲುತ್ತಿದ್ದ ಜಾಗಕ್ಕೆ 95–100 ಗ್ರಾಂ ಕಬ್ಬಿಣ ಇಟ್ಟುಕೊಳ್ಳಿ. ಇನ್ನೂ ಉತ್ತಮ ಉಪಾಯವೆಂದರೆ ಸರಳಿನ ತುಂಡಿನ ಕೆಳತುದಿಗೆ 2 ಮಿ.ಮೀ. ಉಕ್ಕಿನ ತಂತಿಯ ನಾಲ್ಕು ಕಾಲುಗಳನ್ನು ಹೊರಕ್ಕೆ ಬಾಗಿಸಿ ಕಟ್ಟುವುದು. ಕಾಲುಗಳು ಮರಳಿನಲ್ಲಿ ಕಚ್ಚಿ ನಿಲ್ಲುತ್ತವೆ, ತೂಕ ಹೆಚ್ಚಿಸುವ ಅಗತ್ಯವೇ ಬೀಳದು. ತಂತಿ ತೀರಾ ಗಟ್ಟಿಯಾದರೆ ಎಳೆಯುವಾಗ ಬಿಡಿಸಿಕೊಳ್ಳುವುದಿಲ್ಲ. ಕೈಯಲ್ಲಿ ಬಾಗುವಷ್ಟು ಮೆತ್ತಗಿರಲಿ.

ಸಣ್ಣ ಗುಂಡು: ತವರ, ಹಿತ್ತಾಳೆ, ಟಂಗ್‌ಸ್ಟನ್

ದಾರಕ್ಕೆ ಒತ್ತಿ ಕೂರಿಸುವ ಸೀಳುಗುಂಡುಗಳು ಒಂದೆರಡು ಗ್ರಾಮಿನವು. ಹಕ್ಕಿ ನುಂಗುವ ಗಾತ್ರ ಇದೇ, ಮಕ್ಕಳ ಬಾಯಿಗೆ ಹೋಗುವ ಗಾತ್ರವೂ ಇದೇ. ಇವನ್ನು ಹಲ್ಲಿನಲ್ಲಿ ಕಚ್ಚಿ ಮುಚ್ಚುವ ರೂಢಿ ಅನೇಕರಿಗಿದೆ. ಆ ರೂಢಿ ಬಿಡಲೇಬೇಕು.

ಇದಕ್ಕೆ ತವರ ಸರಿಯಾದ ಬದಲು. ಪಾತ್ರೆಗೆ ಕಲಾಯಿ ಹಾಕುವ ಲೋಹವೇ ಅದು, ವಿಷವಲ್ಲ. ಸೀಸಕ್ಕಿಂತ ಗಡಸು, ಆದ್ದರಿಂದ ಒತ್ತಲು ಇಕ್ಕಳ ಬೇಕು. ಬಹಳ ಬಿಗಿಯಾಗಿ ಒತ್ತಿದರೆ ತೆಳು ದಾರ ಗಾಯಗೊಂಡು ಮೀನು ಎಳೆದಾಗ ಅಲ್ಲೇ ಕಡಿಯುತ್ತದೆ. ಗುಂಡು ಜಾರದಷ್ಟು ಒತ್ತಿದರೆ ಸಾಕು. ಬೆಲೆ ಕೆಜಿಗೆ ಸೀಸದ ಹತ್ತು ಪಟ್ಟಿಗೂ ಮೇಲೆ. ಆದರೆ ಸಣ್ಣ ಗುಂಡಿನಲ್ಲಿ ಲೋಹವೇ ಅಲ್ಪ, ಹಾಗಾಗಿ ಒಂದು ಋತುವಿನ ಖರ್ಚು ದೊಡ್ಡದಾಗದು. ದೊಡ್ಡ ಭಾರಕ್ಕೆ ಮಾತ್ರ ತವರವನ್ನು ಯೋಚಿಸಲೇಬೇಡಿ.

ಇಲ್ಲಿ ಬಹಳ ಜನ ಎಡವುವ ಜಾಗವೊಂದಿದೆ. ಎಲೆಕ್ಟ್ರಾನಿಕ್ಸ್ ಅಂಗಡಿಯ ಬೆಸುಗೆ ತಂತಿ ತವರದಂತೆಯೇ ಕಾಣುತ್ತದೆ. ಅದರಲ್ಲಿ 60/40 ಎಂದು ಬರೆದಿದ್ದರೆ ತವರ 60 ಪಾಲು, ಸೀಸ 40 ಪಾಲು ಎಂದರ್ಥ. ಅದನ್ನು ಸುತ್ತಿ ಗುಂಡು ಮಾಡಿದರೆ ಸೀಸವನ್ನೇ ದುಬಾರಿ ಬೆಲೆಗೆ ಕೊಂಡಂತೆ. ಹಿತ್ತಾಳೆಯೂ ಪೂರ್ತಿ ನಿರ್ದೋಷಿಯಲ್ಲ. ಲೇತಿನಲ್ಲಿ ಸುಲಭವಾಗಿ ಕಡೆಯಲೆಂದು ತಯಾರಿಸುವ ಹಿತ್ತಾಳೆಯಲ್ಲಿ ನೂರಕ್ಕೆ ಎರಡೂವರೆಯಿಂದ ಮೂರೂವರೆಯಷ್ಟು ಸೀಸ ಇರುತ್ತದೆ. ಶುದ್ಧ ಸೀಸಕ್ಕೆ ಹೋಲಿಸಿದರೆ ಇದು ಕಡಿಮೆಯೇ, ಆದರೆ ಸೀಸಮುಕ್ತ ಎನ್ನುವಂತಿಲ್ಲ.

ಸತುವನ್ನು ಅಗ್ಗವೆಂದು ಆರಿಸಬೇಡಿ. ನುಂಗಿದ ಹಕ್ಕಿಗೆ ಸತುವೂ ವಿಷ. ಅಮೆರಿಕದಲ್ಲಿ ನೀರುಹಕ್ಕಿಯ ಬೇಟೆಗೆ ಒಪ್ಪಿಗೆ ಪಡೆದ ಚೆರೆಗಳ ಪಟ್ಟಿಯಲ್ಲಿ ಉಕ್ಕು, ಬಿಸ್ಮತ್, ಟಂಗ್‌ಸ್ಟನ್ ಇವೆ, ಸತುವಿನ ಚೆರೆ ಇಲ್ಲ. ಬಿಸ್ಮತ್ ಗುಣದಲ್ಲಿ ಒಳ್ಳೆಯದು, ಆದರೆ ಒತ್ತಿದರೆ ಬಿರಿಯುತ್ತದೆ. ಸೀಳುಗುಂಡಿಗೆ ಆಗದು.

ಟಂಗ್‌ಸ್ಟನ್ನಿನದು ಸಣ್ಣ ಗಾತ್ರ, ಬೇಗ ಮುಳುಗುತ್ತದೆ, ತಳದ ಮರಳೋ ಕಲ್ಲೋ ಎಂಬುದು ದಾರದ ಮೂಲಕ ಬೆರಳಿಗೆ ತಿಳಿಯುತ್ತದೆ. ಅಳಿವೆಯ ಸೆಳೆತದಲ್ಲಿ ಕೃತಕ ಎರೆ ಹಾಕುವವರಿಗೆ ಇದು ಸೀಸಕ್ಕಿಂತಲೂ ಮೇಲು. ಬೆಲೆ ಬಹಳ. ರಂಧ್ರದ ಅಂಚು ಗಡುಸಾಗಿರುವುದರಿಂದ ಒಳಗೆ ಪ್ಲಾಸ್ಟಿಕ್ ಕೊಳವೆ ಇರುವುದನ್ನೇ ಕೊಳ್ಳಿ. ಬಂಡೆ ಇರುವ ಕಡೆ ಇದನ್ನು ಬಿಡುವುದು ಹಣ ನೀರಿಗೆ ಹಾಕಿದಂತೆ.

ಅಂಗಡಿಯವರು ಸೀಸವಲ್ಲ ಎಂದು ಹೇಳಿದರೂ ಮನೆಯಲ್ಲಿ ಪರೀಕ್ಷಿಸುವುದು ಕಷ್ಟವಲ್ಲ. ಆಯಸ್ಕಾಂತ ಹಿಡಿದರೆ ಉಕ್ಕು, ಅಲ್ಲಿಗೆ ಮುಗಿಯಿತು. ಹಿಡಿಯದಿದ್ದರೆ ಕಾಗದದ ಮೇಲೆ ಗೀಚಿ: ಬೂದು ಗೆರೆ ಸುಲಭವಾಗಿ ಮೂಡಿದರೆ, ಉಗುರಿನಿಂದ ಕೆರೆದಾಗ ಗುರುತು ಬಿದ್ದರೆ ಸೀಸ ಎಂದೇ ತಿಳಿಯಿರಿ. ತವರದ ಕಡ್ಡಿಯನ್ನು ಕಿವಿಯ ಬಳಿ ಹಿಡಿದು ಬಗ್ಗಿಸಿದರೆ ಚರಚರ ಸದ್ದು ಕೇಳುತ್ತದೆ, ಸೀಸ ಸದ್ದಿಲ್ಲದೆ ಬಾಗುತ್ತದೆ. ಇನ್ನೂ ಅನುಮಾನವಿದ್ದರೆ 100 ಗ್ರಾಂ ಗುಂಡುಗಳನ್ನು ತೂಗಿ, ಮಿಲಿಲೀಟರ್ ಗೆರೆಗಳಿರುವ ಸಿರಿಂಜಿನಂಥ ಸಪೂರ ಕೊಳವೆಯ ನೀರಿಗೆ ಹಾಕಿ. ನೀರು 9 ಮಿ.ಲೀ. ಏರಿದರೆ ಸೀಸ, 13 ಏರಿದರೆ ಕಬ್ಬಿಣ, 14ರ ಹತ್ತಿರವಾದರೆ ತವರ ಅಥವಾ ಸತು. ಪರೀಕ್ಷೆ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆ ಕೊಳವೆಯನ್ನು ಮತ್ತೆ ಔಷಧಿಗೋ ಅಡುಗೆಗೋ ಬಳಸಬೇಡಿ.

ಬೀಸುಬಲೆ: ಎಲ್ಲಕ್ಕಿಂತ ಮಂಡೆಬೆಚ್ಚ

ಬೀಸುಬಲೆಯ ಗುಣವೆಲ್ಲ ಅಂಚಿನ ಭಾರದಲ್ಲಿದೆ. ಬಲೆ ಗಾಳಿಯಲ್ಲಿ ದುಂಡಗೆ ಅರಳಬೇಕು, ಒಂದೇ ಹೊತ್ತಿಗೆ ಸುತ್ತಲೂ ನೀರಿಗೆ ತಾಗಬೇಕು, ಮೀನು ಅಡಿಯಿಂದ ನುಸುಳುವ ಮೊದಲೇ ತಳ ಮುಟ್ಟಬೇಕು. 8 ಅಡಿ ತ್ರಿಜ್ಯದ ಬಲೆಗೆ ಅಂಚಿನ ಸುತ್ತಳತೆ ಸುಮಾರು 15 ಮೀಟರ್. ಒಟ್ಟು ಭಾರ ಮೂರೂವರೆಯಿಂದ ಐದೂವರೆ ಕೆಜಿ, ಅಂದರೆ ಮೀಟರಿಗೆ ಸುಮಾರು 230–365 ಗ್ರಾಂ. ಆಳ ಕಡಿಮೆಯಿದ್ದು ನೀರು ನಿಂತಿದ್ದರೆ ಕೆಳಗಿನ ಅಂಕಿ, ಸೆಳೆತದ ಹೊಳೆಗೆ ಮೇಲಿನದು.

ಸೀಸದ ಮಣಿಗೆ ನಿಜವಾದ ಬದಲು ಒಂದೇ: ಸಣ್ಣ ಕೊಂಡಿಯ ಜಿಐ (ಸತುವಿನ ಲೇಪದ ಕಬ್ಬಿಣದ) ಚೈನು. 4 ಮಿ.ಮೀ. ಚೈನು ಮೀಟರಿಗೆ ಸುಮಾರು 320 ಗ್ರಾಂ, 15 ಮೀಟರಿಗೆ 4.8 ಕೆಜಿ. ಬೇಕಾದ ತೂಕದ ಒಳಗೇ ಅದು ಕೂರುತ್ತದೆ. 5 ಮಿ.ಮೀ. ಚೈನಾದರೆ ಮೀಟರಿಗೆ ಅರ್ಧ ಕೆಜಿ, ತೋಳು ಸೋಲುತ್ತದೆ. ಚೈನಿನ ಭಾರ ಎಡೆಬಿಡದೆ ಸಮನಾಗಿ ಹರಡುವುದರಿಂದ ಬಲೆ ದುಂಡಗೆ ಅರಳುತ್ತದೆ, ಉಬ್ಬುತಗ್ಗಿನ ತಳದಲ್ಲೂ ಅಂಚು ನೆಲಕ್ಕೆ ಒತ್ತಿ ಕೂರುತ್ತದೆ, ಸಿಗಡಿ ಕೆಳಗಿನಿಂದ ತಪ್ಪಿಸಿಕೊಳ್ಳುವುದು ಕಡಿಮೆಯಾಗುತ್ತದೆ.

ತೊಂದರೆಗಳೂ ಇವೆ, ಅವನ್ನು ಮುಚ್ಚಿಡಬಾರದು. ಕೊಂಡಿಗಳ ನಡುವೆ ಬಲೆಯ ಕಣ್ಣು ಸಿಕ್ಕಿಕೊಂಡು ಬಲೆ ಅರ್ಧಕ್ಕೇ ಅರಳುತ್ತದೆ. ಇದನ್ನು ತಪ್ಪಿಸಲು ಚೈನನ್ನು ಬಲೆಗೆ ನೇರ ಪೋಣಿಸದೆ, ಮೊದಲು ಅಂಚಿನ ಹಗ್ಗಕ್ಕೆ ಬಲೆ ಕಟ್ಟಿ, ಆ ಹಗ್ಗಕ್ಕೆ 10–12 ಸೆಂ.ಮೀ.ಗೊಂದರಂತೆ ಗಟ್ಟಿ ನೈಲಾನ್ ದಾರದಿಂದ ಚೈನನ್ನು ಬಿಗಿಯಾಗಿ ಸುತ್ತಿ ಕಟ್ಟಬೇಕು. ಕಟ್ಟು ಸಡಿಲವಾಗಿ ಚೈನು ಜೋತು ಬಿದ್ದರೆ ಆ ಬಾಗುಗಳೇ ಒಂದಕ್ಕೊಂದು ತೊಡರುತ್ತವೆ. ಪಚ್ಚಿಲೆ (ಕಲ್ಲಿಗೆ ಅಂಟಿ ಬೆಳೆಯುವ ಚಿಪ್ಪುಜೀವಿ) ಬೆಳೆದ ಕಲ್ಲಿನ ತಳಕ್ಕೆ ಚೈನು ಆಗದು, ಎಳೆಯುವಾಗ ಕಚ್ಚಿಕೊಂಡು ಬಲೆ ಹರಿಯುತ್ತದೆ. ಉಪ್ಪುನೀರಿನಲ್ಲಿ ಕೊಂಡಿಗಳು ಉಜ್ಜಿಕೊಳ್ಳುವ ಕಡೆ ಜಿಐ ಪದರ ಮೊದಲು ಸವೆದು ತುಕ್ಕು ಹಿಡಿಯುತ್ತದೆ. ತುಕ್ಕಿನ ಒರಟು ನೈಲಾನನ್ನು ತಿನ್ನುತ್ತದೆ. ಪ್ರತಿ ಸಲ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ತೂಗುಹಾಕಿದರೆ ಚೈನು ಹೆಚ್ಚು ಬಾಳುತ್ತದೆ. ಸ್ಟೇನ್‌ಲೆಸ್ ಕೊಳ್ಳುವುದಾದರೆ 316 ದರ್ಜೆಯದೇ ಆಗಬೇಕು. ಮಾಮೂಲು 304 ಕಡಲ ನೀರಿನಲ್ಲಿ ಗುಳಿ ಬೀಳುತ್ತದೆ.

ನಮ್ಮ ತೀರ್ಪು ಹೀಗೆ: ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ ಹೊಳೆಗಳ ಮರಳು ಮತ್ತು ಕೆಸರಿನ ತಳದಲ್ಲಿ ಬೀಸುವವರು ಹೊಸ ಬಲೆ ಕಟ್ಟುವಾಗ ಚೈನನ್ನೇ ಹಾಕಿ. ಕಲ್ಲಿನ ಕಡೆ ಬೀಸುವವರ ಹಳೆಯ ಬಲೆಯಲ್ಲಿ ಸೀಸ ಗಟ್ಟಿಯಾಗಿದ್ದರೆ ಅದನ್ನು ಸದ್ಯಕ್ಕೆ ಬಿಚ್ಚಬೇಡಿ. ಮಣಿಗಳು ಸಡಿಲವಾಗಿ ಉದುರುತ್ತಿದ್ದರೆ ಮಾತ್ರ ತಡಮಾಡದೆ ತೆಗೆಯಿರಿ. ಸೀಸಕ್ಕೆ ಬಣ್ಣ ಬಳಿಯುವುದು, ಪ್ಲಾಸ್ಟಿಕ್ ಹೊದಿಸುವುದು ಕೈಗೆ ಮಸಿ ಹತ್ತದಂತೆ ಸ್ವಲ್ಪ ಕಾಲ ತಡೆಯುತ್ತದೆ ನಿಜ. ಆದರೆ ಮರಳಿನಲ್ಲಿ ಉಜ್ಜಿ ಹೊದಿಕೆ ಹೋಗುತ್ತದೆ, ಕಳೆದುಹೋದರೆ ಅದು ಸೀಸವೇ.

ಕಂತಬಲೆ ಮತ್ತು ದೊಡ್ಡ ಬಲೆಗಳು

ಕಂತಬಲೆಯ ಅಡಿಹಗ್ಗಕ್ಕೆ ಕಬ್ಬಿಣದ ಪೈಪಿನ ತುಂಡು ಚೆನ್ನಾಗಿ ಹೊಂದುತ್ತದೆ. ಅರ್ಧ ಇಂಚಿನ ಮಧ್ಯಮ ದರ್ಜೆಯ ಜಿಐ ಪೈಪು ಮೀಟರಿಗೆ ಸುಮಾರು 1.2 ಕೆಜಿ, 4 ಸೆಂ.ಮೀ. ತುಂಡಿಗೆ 48 ಗ್ರಾಂ. ಹಗ್ಗ ನಡುವಿನಿಂದಲೇ ಹಾಯುವುದರಿಂದ ಕಟ್ಟುವ ರಗಳೆ ಇಲ್ಲ. ಎರಡೂ ತುದಿಗಳ ಒಳ ಅಂಚನ್ನು ದುಂಡು ಅರದಿಂದ ನುಣುಪು ಮಾಡದಿದ್ದರೆ ಮಾತ್ರ ಹಗ್ಗ ಅಲ್ಲಿಯೇ ಕೊಯ್ದುಹೋಗುತ್ತದೆ. ತುಂಡಿನ ಎರಡೂ ಬದಿ ದಾರದ ಗಂಟು ಹಾಕಿ, ಇಲ್ಲದಿದ್ದರೆ ಎಲ್ಲವೂ ಜಾರಿ ಒಂದೇ ಕಡೆ ಗುಡ್ಡೆಯಾಗುತ್ತವೆ.

ಸಿಮೆಂಟ್ ಗುಂಡು ಎಲ್ಲಕ್ಕಿಂತ ಅಗ್ಗ. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ತೊಳೆದ ಹೊಳೆ ಮರಳು, ಉಂಡೆ ಕಟ್ಟುವಷ್ಟೇ ನೀರು. 40 ಮಿ.ಮೀ. ಒಳವ್ಯಾಸದ ಪಿವಿಸಿ ತುಂಡಿಗೆ ಎಣ್ಣೆ ಸವರಿ, ನಡುವೆ 10 ಮಿ.ಮೀ. ಪ್ಲಾಸ್ಟಿಕ್ ಕೊಳವೆ ನಿಲ್ಲಿಸಿ, 60 ಮಿ.ಮೀ. ಎತ್ತರಕ್ಕೆ ಕುಟ್ಟಿ ತುಂಬಿಸಿ. ಹೀಗೆ ಮಾಡಿದ ಗುಂಡು ಸುಮಾರು 155 ಗ್ರಾಂ ತೂಗಿ ನೀರಿನಲ್ಲಿ 90 ಗ್ರಾಂ ಸೀಸದ ಕೆಲಸ ಮಾಡುತ್ತದೆ. ಮರುದಿನ ಅಚ್ಚಿನಿಂದ ತೆಗೆದು ಕನಿಷ್ಠ ಏಳು ದಿನ ನೀರಿನಲ್ಲಿ ಮುಳುಗಿಸಿಡಿ. ಪೂರ್ಣ ಗಟ್ಟಿತನಕ್ಕೆ 28 ದಿನ ಬೇಕು. ಈ ನೀರುಣಿಸುವ ಕೆಲಸ ತಪ್ಪಿದ ಗುಂಡುಗಳೇ ದೋಣಿಯ ಅಂಚಿಗೆ ತಾಗಿ ಚೂರಾಗುವುದು. ಕಡಲ ಮರಳು ಬಳಸಬೇಡಿ. ಒಳಗಿನ ಕೊಳವೆಯನ್ನು ತೆಗೆಯದೆ ಹಾಗೆಯೇ ಬಿಡಿ, ಒರಟು ಗಾರೆ ಹಗ್ಗ ಸವೆಸದಂತೆ ಅದು ಕಾಯುತ್ತದೆ.

ಸಿಮೆಂಟಿನ ಕೊರತೆ ದೋಣಿಯ ಮೇಲೆ ಗೊತ್ತಾಗುತ್ತದೆ. 20 ಕೆಜಿ ಸೀಸದ ಬದಲು 34 ಕೆಜಿ ಸಿಮೆಂಟ್ ಹೊರಬೇಕು, ಗಾತ್ರ ಒಂಬತ್ತು ಪಟ್ಟು. ಸಣ್ಣ ನಾಡದೋಣಿಯಲ್ಲಿ ಅದು ತೊಡಕೇ. ಕಂತಬಲೆಯ ಎರಡು ತುದಿಯ ಲಂಗರಿಗೆ, ಏಡಿ ಬಲೆಗೆ, ಒಂದೇ ಜಾಗದಲ್ಲಿ ಕಟ್ಟಿ ಬಿಡುವ ಬಲೆಗೆ ಅದನ್ನು ಮೀಸಲಿಡಿ. ಕಲ್ಲು ಕಟ್ಟುವುದಾದರೆ ಕಪ್ಪುಕಲ್ಲು ಆರಿಸಿ, ನಡುವೆ ತೋಡು ಕೊರೆದು ಹಗ್ಗ ಕೂರಿಸಿ. ಮುರಕಲ್ಲು (ಜಂಬಿಟ್ಟಿಗೆ) ಹಗುರ, ರಂಧ್ರಗಳಿಂದ ಕೂಡಿದ್ದು, ಉಜ್ಜಿದರೆ ಪುಡಿಯಾಗುತ್ತದೆ.

ಬೋಟು ಎಳೆದೊಯ್ಯುವ ಟ್ರಾಲ್ ಬಲೆಗಳಲ್ಲಿ ಚೈನಿನ ಬಳಕೆ ಈಗಾಗಲೇ ಇದೆ. ಮೀನಿನ ಹಿಂಡನ್ನು ಸುತ್ತುವರಿಯುವ ಪರ್ಸೀನ್ ಬಲೆಯ ಸೀಸ ದೊಡ್ಡ ಮೊತ್ತದ್ದು, ಆದರೆ ಅದು ಬಲೆ ಬಿಟ್ಟು ಹೋಗುವುದು ಕಡಿಮೆ, ಬಲೆ ಹಳತಾದ ಮೇಲೂ ಮಾರಾಟವಾಗುತ್ತದೆ. ಸರದಿಯಲ್ಲಿ ಅದಕ್ಕೆ ಕೊನೆಯ ಸ್ಥಾನ ಸಾಕು.

ಬಿಚ್ಚಿದ ಸೀಸವನ್ನು ಏನು ಮಾಡಬೇಕು

ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ. ಬಲೆಗಳು ದಡದಲ್ಲಿರುವ ಆ 61 ದಿನಗಳೇ ಭಾರ ಬದಲಾಯಿಸಲು ತಕ್ಕ ಸಮಯ. ಕೆಲಸವನ್ನು ಟಾರ್ಪಾಲಿನ ಮೇಲೆ ಮಾಡಿ, ಕೋಳಿ ಮತ್ತು ಮಕ್ಕಳನ್ನು ದೂರವಿಡಿ. ಸೀಸ ಮುಟ್ಟಿದ ಕೈಯಲ್ಲಿ ಬೀಡಿ, ಎಲೆಅಡಿಕೆ, ಚಾ ಮುಟ್ಟಬೇಡಿ. ಮುಗಿದ ಮೇಲೆ ಹಿಡಿಸೂಡಿಯಿಂದ ಗುಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನು ಕಟ್ಟಿ ಬಿಸಾಡಿ. ತೊಟ್ಟ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜತೆ ಒಗೆಯಬೇಡಿ.

ತೆಗೆದ ಸೀಸವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹೆಸರು ಬರೆದು ಅಡುಗೆಮನೆಯಿಂದ ದೂರ ಇಡಿ. ಒಬ್ಬೊಬ್ಬರ ಎರಡು ಮೂರು ಕೆಜಿಯನ್ನು ಗುಜರಿಗೆ ಕೊಟ್ಟರೆ ಅದು ಯಾರದೋ ಹಿತ್ತಲಿನ ಬಾಣಲೆಗೆ ಹೋಗುವ ಸಂಭವವೇ ಹೆಚ್ಚು. ಸಹಕಾರಿ ಸಂಘದವರೋ ಒಂದೇ ಧಕ್ಕೆಯವರೋ ಒಟ್ಟುಗೂಡಿಸಿದರೆ ಕ್ವಿಂಟಾಲಿನ ಲೆಕ್ಕಕ್ಕೆ ಬರುತ್ತದೆ, ಆಗ ನೋಂದಾಯಿತ ಮರುಬಳಕೆದಾರರಿಗೆ ನೇರವಾಗಿ ಮಾರಬಹುದು. ಬಂದ ಹಣದಲ್ಲಿ ಚೈನಿನ ಖರ್ಚಿನ ಒಂದು ಪಾಲು ಹುಟ್ಟುತ್ತದೆ.